ಬುಧವಾರದ ಸುತ್ತುದಾರಿ

ರೂಲ್ಫೀನ್ ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಉಳಿದದ್ದು ಎಲ್ಲ ಡ್ರೆಂಥೆ ಸೀಮೆಯ ಒಂದೇ ಊರಲ್ಲಿ. ಅವಳಪ್ಪ ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಉರುವಲಿಗೆ ಮಾರುತ್ತಿದ್ದ. ಗಂಡ ಬೆರೆಂಡ್ ಅರಣ್ಯದವರ ನೆಡುತೋಪಿನಲ್ಲಿ ಪೈನ್ ಸಸಿ ನೆಟ್ಟು, ಸವರಿ, ತಾನು ನೆಟ್ಟಿದ್ದನ್ನು ತಾನೇ ಕಡಿದು ನಿವೃತ್ತನಾದವನು. ಅವಳು ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಚೀಲ ಹೊಲಿದಳು. ಪಕ್ಕದ ಯಂತ್ರದಲ್ಲಿ ಕೂತವಳು ಹೆನ್ನಿ.

ಇಬ್ಬರೂ ಬುಧವಾರ ಬೆಳಿಗ್ಗೆ ನಡೆಯಲು ಹೋಗುವುದು ಇಪ್ಪತ್ತೆಂಟು ವರ್ಷದ ರೂಢಿ. ಕುರಿದೊಡ್ಡಿಯಿಂದ ಹೊರಟು ಹೀದರ್ ಎಂಬ ಕುರುಚಲು ಗಿಡದ ಬಯಲು ದಾಟಿ, ಜೌಗಿನ ಮೇಲಿನ ಹಲಗೆ ದಾರಿ ಹಿಡಿದು, ನೆಡುತೋಪಿನೊಳಗಿಂದ ಮತ್ತೆ ಕುರಿದೊಡ್ಡಿಗೆ. ಆರು ಕಿಲೋಮೀಟರ್. ಏರಿಲ್ಲ, ಇಳಿಜಾರಿಲ್ಲ. ಜೌಗಿನಂಚಿನ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ, ತಲಾ ಒಂದು ತುಂಡು ಮಸಾಲೆ ಕೇಕು. ಹೊಟ್ಟೆಯಲ್ಲೇ ಸತ್ತ ತನ್ನ ಮಗುವಿನ ವಿಷಯವನ್ನು ರೂಲ್ಫೀನ್ ಬಾಯಿಬಿಟ್ಟು ಹೇಳಿದ್ದು ಆ ಬೆಂಚಿನ ಮೇಲೆ. ಹೆನ್ನಿ ತನ್ನ ಗಂಡನ ಕುಡಿತದ ಬಗ್ಗೆ ಅತ್ತದ್ದೂ ಅಲ್ಲೇ.

ಆ ವರ್ಷ ವಸಂತದಲ್ಲಿ ಹಾರ್ಲೆಮ್ ಪಟ್ಟಣದಿಂದ ವಿಲ್ಲೆಮೈನ್ ಎಂಬ ನಿವೃತ್ತ ಟೀಚರು ಬಂದು ಹೆನ್ನಿಯ ಪಕ್ಕದ ಮನೆ ಕೊಂಡಳು.

"ಪಾಪ, ಒಬ್ಬಾಕಿನ ಇರ್ತಾಳ. ಒಂದ್ ಸಲ ಕರಕೊಂಡ್ ಹೋಗೂಣು," ಅಂದಳು ಹೆನ್ನಿ.

ಆ ಒಂದು ಸಲ ಇಡೀ ಬೇಸಿಗೆಗೆ ಎಳೆಯಿತು. ವಿಲ್ಲೆಮೈನ್ ಕೊರಳಲ್ಲಿ ದುರ್ಬೀನು. ಹುಳ ಹಿಡಿಯುವ ಗಿಡ ಕಂಡರೆ ಮಂಡಿಯೂರುವಳು, ದೂರದಲ್ಲಿ ಹಕ್ಕಿ ಕೂಗಿದರೆ ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸುವಳು. ಉದ್ದ ಕಾಲಿನದೆಲ್ಲ ಕೊಕ್ಕರೆ ಎಂದೇ ಇಷ್ಟು ವರ್ಷ ತಳ್ಳಿಹಾಕಿದ್ದ ಹೆನ್ನಿ ಈಗ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಹಕ್ಕಿಗಳ ಹೆಸರು ಬರೆಯತೊಡಗಿದಳು. ಅದನ್ನೂ ರೂಲ್ಫೀನ್ ಸಹಿಸಿಯಾಳು. ಸಹಿಸಲಾಗದೆ ಹೋದದ್ದು ಮಾತು. ವಿಲ್ಲೆಮೈನ್ ಜೊತೆಗಿದ್ದಾಗ ಹೆನ್ನಿ ಊರಮಾತು ಬಿಟ್ಟು ಪಟ್ಟಣದ ಮಾತು ಆಡುತ್ತಿದ್ದಳು. "ಹೌದಾ? ಎಷ್ಟು ಚೆನ್ನಾಗಿದೆ ಅಲ್ವಾ?" ಎನ್ನುವಳು. ನಗುವೂ ಬೇರೆಯಾಗಿತ್ತು, ಸಣ್ಣದು, ಬಾಯಿ ಮುಚ್ಚಿದ್ದು. ಕಾರ್ಖಾನೆಯ ಯಂತ್ರದ ಸದ್ದನ್ನೂ ಮೀರಿ ನಗುತ್ತಿದ್ದ ಹೆಂಗಸು. ಬೆಂಚಿನ ಮೇಲೆ ಮೂವರು ಕೂತರೆ ಅಂಚಿಗೆ ಸರಿಯುತ್ತಿದ್ದವಳು ಪ್ರತಿ ಸಲವೂ ರೂಲ್ಫೀನ್. ಸರಿದು ಕೂರು ಎಂದು ಯಾರೂ ಅಂದಿರಲಿಲ್ಲ. ಆದರೂ ಅವಳು ಅರ್ಧ ಕೂತು ಅರ್ಧ ನಿಂತು ಕಾಫಿ ಕುಡಿಯುತ್ತಿದ್ದಳು.

ಅಕ್ಟೋಬರ್‌ನ ಒಂದು ಬುಧವಾರ ಅವಳು ಫೋನು ಮಾಡಿ, "ಮಣಕಾಲು ಹಿಡದೈತಿ, ಬರಂಗಿಲ್ಲ," ಅಂದಳು. ಹೆನ್ನಿ ಇನ್ನೊಂದು ದಿನ ಹೋಗೋಣ ಅನ್ನಬಹುದು ಎಂದು ಕಾದಳು.

"ಆರಾಮ್ ಮಾಡು ಹಂಗಾರ. ನಾವಿಬ್ರು ಹೋಗ್ಬರ್ತೀವಿ," ಅಂದಳು ಹೆನ್ನಿ.

ನಾವಿಬ್ಬರು. ಆ ಮಾತು ಕಣ್ಣಿಗೆ ಬಿದ್ದ ಮೆಣಸಿನಪುಡಿಯಾಯಿತು. ಬೆರೆಂಡ್‌ನ ಮುಂದೆ ಪಾತ್ರೆಗಳನ್ನು ಕುಕ್ಕಿದಳು, ಕಿಟಕಿ ಒರೆಸಿದಳು, ಕೊನೆಗೆ ಬೂಟು ಹಾಕಿ ಸೈಕಲ್ ತೆಗೆದಳು.

"ಮಣಕಾಲು?" ಎಂದ ಬೆರೆಂಡ್, ಪೇಪರಿನಿಂದ ತಲೆ ಎತ್ತದೆ.

ಅವಳು ಸೈಕಲ್ ಹತ್ತಿದಳು. ತೋಪಿನ ಕಡೆಯಿಂದ ಹೊಕ್ಕು, ಕಡಿದಿಟ್ಟ ದಿಮ್ಮಿಗಳ ರಾಶಿಯ ಹಿಂದೆ ನಿಂತು, ಅವರಿಬ್ಬರೇ ಇದ್ದಾಗ ಹೇಗಿರುತ್ತಾರೆ ಎಂದು ನೋಡುವುದು ಅವಳ ಲೆಕ್ಕಾಚಾರ. ಕಾದಳು. ಇಷ್ಟು ಹೊತ್ತಿಗೆ ಬರಬೇಕಿತ್ತು. ಬೆಂಚಿನ ಮೇಲೆ ಕೂತಿದ್ದಾರೆ, ಹೆನ್ನಿ ಗಂಡನ ಕುಡಿತದ ಕತೆ ಅವಳಿಗೂ ಹೇಳುತ್ತಿದ್ದಾಳೆ ಎಂದುಕೊಂಡಳು. ಆ ಯೋಚನೆ ಬಂದಮೇಲೆ ನಿಲ್ಲಲಾಗಲಿಲ್ಲ. ಸರಸರ ನಡೆದು ಹಲಗೆ ದಾರಿಗೆ ಕಾಲಿಟ್ಟಳು. ಅರ್ಧ ದಾಟುವಾಗ ಎದುರಿಗೆ ಅವರು.

ಹಲಗೆ ದಾರಿ ಒಬ್ಬರ ಅಗಲ. ಮುಂದೆ ವಿಲ್ಲೆಮೈನ್, ಹಿಂದೆ ಹೆನ್ನಿ. ಎರಡೂ ಕಡೆ ಕೆಂಪು ಹಸಿರು ಪಾಚಿ, ನಡುನಡುವೆ ಕರಿನೀರು.

"ನಿನ್ನ ಮಂಡಿ?" ಎಂದು ಹೆನ್ನಿ ಪಟ್ಟಣದ ಮಾತಿನಲ್ಲೇ ಕೇಳಿದಳು.

"ಬಿಟ್ಟೈತಿ."

"ಬೇಗ ಬಿಡ್ತು."

ವಿಲ್ಲೆಮೈನ್ ಇಬ್ಬರ ಮುಖವನ್ನೂ ನೋಡಿ, "ನೀವು ಬನ್ನಿ, ನಾವೇ ಹಿಂದೆ ಹೋಗ್ತೀವಿ," ಅಂದಳು.

ಅವಳು ಬಿಟ್ಟುಕೊಟ್ಟ ದಾರಿಯಲ್ಲಿ ನಡೆಯುವುದೇ? ತನ್ನಪ್ಪ ಬೆವರು ಸುರಿಸಿದ ಜೌಗಿನಲ್ಲಿ? "ಏನ್ ಬ್ಯಾಡ," ಎಂದು ರೂಲ್ಫೀನ್ ಪಕ್ಕದಿಂದ ನುಸುಳಲು ಹೋಗಿ ಒಂದು ಕಾಲನ್ನು ಪಾಚಿಯ ಮೇಲಿಟ್ಟಳು. ಕಾಲು ತೊಡೆಯವರೆಗೆ ಇಳಿಯಿತು.

ವಿಲ್ಲೆಮೈನ್ ಕೈ ಹಿಡಿದು ಎಳೆದಳು. ಎಳೆದಷ್ಟೂ ಜೌಗು ಬಿಗಿಯಿತು.

"ಜಗ್ಗಬ್ಯಾಡ್ರಿ ಆಕೀನ!" ಹೆನ್ನಿಯ ಬಾಯಿಂದ ಊರಮಾತು ಸಿಡಿಯಿತು. "ರೂಲ್ಫೀನ್, ಒದ್ಯಾಡಬ್ಯಾಡ. ಹಲಗಿ ಮ್ಯಾಲೆ ಬೋರಲ ಬೀಳು. ನಿಮ್ಮಪ್ಪ ಹೇಳಿಕೊಟ್ಟಿದ್ದು ಮರತೀ ಏನ?"

ಅವಳು ಬೋರಲು ಬಿದ್ದಳು. ಇಬ್ಬರೂ ಕಂಕುಳಿಗೆ ಕೈಹಾಕಿ ನಿಧಾನಕ್ಕೆ ಸರಿಸಿದರು. ಕಾಲು ಬಂತು, ಬೂಟು ಒಳಗೇ ಉಳಿಯಿತು. ಹೆನ್ನಿ ತನ್ನ ಮಫ್ಲರನ್ನು ಬಿಚ್ಚಿ ಅವಳ ಪಾದಕ್ಕೆ ಸುತ್ತಿದಳು, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿದಳು. ವಿಲ್ಲೆಮೈನ್ ಐವತ್ತು ಹೆಜ್ಜೆ ಮುಂದಕ್ಕೆ ಹೋಗಿ ನಡೆಯತೊಡಗಿದಳು.

"ಮೂವತ್ತು ವರ್ಷದಾಗ ನನಗ ಸುಳ್ಳು ಹೇಳಿದ್ದು ಇದೇ ಮೊದಲು," ಅಂದಳು ಹೆನ್ನಿ.

"ಆಕಿ ಕೂಡ ನೀ ನಗೂದು ನೋಡಾಕ ಆಗವಲ್ದು."

ಹೆನ್ನಿ ಬಗ್ಗಿ, ಸಡಿಲವಾಗಿದ್ದ ಪಾದದ ಚೀಲವನ್ನು ಮತ್ತೆ ಬಿಗಿದಳು. ಆಮೇಲೆ, "ಕೇಳು. ನಿನಗ ನನ್ನ ಎಲ್ಲಾ ಗೊತ್ತೈತಿ. ಒಮ್ಮೊಮ್ಮೆ ಅದ ಭಾರ ಅನಸ್ತೈತಿ. ಆಕೀಗೆ ಏನೂ ಗೊತ್ತಿಲ್ಲ. ಅಲ್ಲೆ ನಾ ಕುಡುಕನ ಹೆಂಡ್ತಿ ಅಲ್ಲ, ಬರೇ ಹೆನ್ನಿ," ಅಂದಳು.

ಅಂದರೆ ಆ ಕತೆ ಹೇಳಿಲ್ಲ. ರೂಲ್ಫೀನ್‌ಗೆ ಮೊದಲು ಹೊಳೆದದ್ದು ಇಷ್ಟೇ. ಉಳಿದ ಮಾತು ಚುಚ್ಚಿದ್ದು ಮನೆಗೆ ಬಂದಮೇಲೆ. ಕಾಲು ಬಿಸಿನೀರಿನಲ್ಲಿಟ್ಟು ನಡೆದದ್ದನ್ನು ಹೇಳಿದಾಗ ಬೆರೆಂಡ್ ಅಂದ: "ಸುತ್ತು ಹೊಡಿಯೂ ದಾರ್ಯಾಗ ಉಲ್ಟಾ ಹೋದ್ರ ಎದುರ ಸಿಗ್ತಾರ, ಮತ್ತೇನ್."

ಮುಂದಿನ ಬುಧವಾರ ಮೂವರೂ ಹೋದರು. ಯಾರೂ ಬೂಟಿನ ಸುದ್ದಿ ಎತ್ತಲಿಲ್ಲ. ಹೊಟ್ಟೆಕಿಚ್ಚು ಹೋಗಿರಲಿಲ್ಲ, ಅದೂ ಜೊತೆಗೇ ನಡೆಯುತ್ತಿತ್ತು.

ಜನವರಿಯಲ್ಲಿ ಹೆನ್ನಿಯ ಸೊಂಟಕ್ಕೆ ಆಪರೇಷನ್ ಆಯಿತು. ಆರು ವಾರ ಹಾಸಿಗೆ. ರೂಲ್ಫೀನ್ ಮತ್ತು ವಿಲ್ಲೆಮೈನ್ ಬೇರೆ ದಾರಿ ಕಾಣದೆ ಇಬ್ಬರೇ ಹೊರಟರು. ಬಯಲು ಮುಗಿಯುವವರೆಗೆ ಒಬ್ಬರ ಹಿಂದೆ ಒಬ್ಬರು ನಡೆದರು. ಬೆಂಚಿನ ಹತ್ತಿರ ವಿಲ್ಲೆಮೈನ್ ಕೇಳಿದಳು, "ಈ ಮಣ್ಣನ್ನ ಹೇಗೆ ಕಡೀತಿದ್ರು? ಹೆನ್ನಿ ಹೇಳಿದ್ಲು, ನಿಮಗೆ ಗೊತ್ತಂತೆ."

ರೂಲ್ಫೀನ್ ಎದ್ದು ನಿಂತು, ಗುದ್ದಲಿ ಹಿಡಿದಂತೆ ಕೈ ಮಾಡಿ ತೋರಿಸಿದಳು. ಅಪ್ಪನ ಬೆನ್ನು, ಮರದ ಬೂಟು, ಒಣಗಲು ಒಟ್ಟುವ ರೀತಿ, ಒಂದೊಂದಾಗಿ ಎಲ್ಲ ಹೇಳಿದಳು. ಕಾಫಿ ತಣ್ಣಗಾಯಿತು. ಅಷ್ಟರಲ್ಲಿ ಫೋನು ಬಂತು.

"ಎಲ್ಲೆ ಬಂದೀರಿ?" ಹೆನ್ನಿ.

"ಬೆಂಚಿನ ಮ್ಯಾಲೆ."

"ಇನ್ನೂ ಬೆಂಚ? ಇಷ್ಟೊತ್ತು ಏನ್ ಮಾತಾಡಾಕ್ಹತ್ತೀರಿ?"

ಅವಳ ದನಿಯಲ್ಲಿದ್ದುದನ್ನು ರೂಲ್ಫೀನ್ ಕೂಡಲೇ ಗುರುತಿಸಿದಳು. ಒಂದು ಬೇಸಿಗೆ ಪೂರ್ತಿ ಅದರ ಜೊತೆಗೇ ಬದುಕಿದ್ದವಳು. ಏನೇನು ಮಾತಾಡಿದೆವು ಎಂದು ಹೇಳಿದ್ದರೆ ಹೆನ್ನಿಗೆ ನೆಮ್ಮದಿ ಸಿಗುತ್ತಿತ್ತು. ಹೇಳಬೇಕೆಂದೂ ಇತ್ತು.

"ಏನಿಲ್ಲ," ಅಂದಳು, ಮತ್ತು ಬೆಂಚಿನ ನಡುವಿಗೆ ಸರಿದು ಕೂತಳು.