ಸಮೀಉಲ್ಲಾ ಅಳೆದ ಎರಡು ಗುಡ್ಡೆ

ಶಿರಸಿಯ ಹಳೇ ಬಸ್ ನಿಲ್ದಾಣದಿಂದ ಪೇಟೆಗೆ ಇಳಿಯುವ ದಾರಿಯಲ್ಲಿ, ಮಹಡಿಯ ಮೇಲೊಂದು ಕಂಪ್ಯೂಟರ್ ಅಂಗಡಿಯಿದೆ. ಅದರ ಯಜಮಾನ ಸಮೀಉಲ್ಲಾ ಕೂತಲ್ಲಿ ಕೂರುವ ಜನವಲ್ಲ. ಗಿರಾಕಿಯ ಹತ್ತಿರ ಮಾತಾಡುತ್ತಲೇ ಒಂದು ಸ್ಕ್ರೂ ಬಿಚ್ಚುತ್ತಾನೆ, ಮಾತು ಮುಗಿಯುವುದರೊಳಗೆ ಅದನ್ನೇ ಮತ್ತೆ ಹಾಕುತ್ತಾನೆ. ಅಂಥವನನ್ನು ಒಂದು ಸೋಮವಾರ ಬಂದ ಫೋನು ವಾರವಿಡೀ ಕುಣಿಸಿತು.

ಫೋನು ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಕಡೆಯ ಸುಭಾಷನದು.

"ಸಾಹೇಬ್ರ, ಗ್ರಾಫಿಕ್ಸ್ ಕಾರ್ಡಿನ ಏಜೆನ್ಸಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಸೇರಿ ಒಬ್ರಿಗೇ ಅಂತ ನಮ್ಮ ಮಾಲಕರು ಮಾಡ್ಯಾರ. ಎನ್‌ವಿಡಿಯಾನೋ ಎಎಂಡಿನೋ, ಒಂದು ಹಿಡೀರಿ. ಅಂಗಡಿ ಮುಂದ ಕಂಪನಿ ಬೋರ್ಡು ನಾವ ಹಾಕ್ತೀವಿ. ಇನ್ನೊಂದು ಕಂಪನಿ ಮಾಲು ವರ್ಷತನಕ ಇಡಂಗಿಲ್ಲ. ಶುಕ್ರವಾರ ಮಧ್ಯಾಹ್ನದೊಳಗ ಹೇಳ್ರಿ, ಇಲ್ಲಾಂದ್ರ ಯಲ್ಲಾಪುರದವರು ಕಾಯಾಕತ್ತಾರ."

ಕಂಪ್ಯೂಟರಿನಲ್ಲಿ ವಿಡಿಯೋ, ಆಟ ಸರಾಗವಾಗಿ ಓಡಬೇಕಾದರೆ ಈ ಕಾರ್ಡು ಬೇಕು. ತಪ್ಪು ಕಂಪನಿ ಹಿಡಿದರೆ ಮೆಟ್ಟಿಲು ಹತ್ತಿ ಬಂದ ಗಿರಾಕಿಯನ್ನು ಒಂದು ವರ್ಷ ಕೈಯಾರೆ ಕೆಳಗೆ ಕಳಿಸಬೇಕು. ಹಾಗೆ ಹೋದವರು ತಿರುಗಿ ಬರುತ್ತಾರೆಂದು ಯಾರು ಕಂಡಿದ್ದಾರೆ? ಹದಿನಾಲ್ಕು ವರ್ಷದ ಅಂಗಡಿ ಶುಕ್ರವಾರ ಹೇಳಬೇಕಾದ ಆ ಒಂದು ಮಾತಿನ ಮೇಲೆ ನಿಂತಿತು.

ಸಮೀಉಲ್ಲಾ ಎರಡೂ ಕಂಪನಿಗಳ ಮೂರು ತಿಂಗಳಿಗೊಮ್ಮೆಯ ವ್ಯಾಪಾರದ ವರದಿಗಳನ್ನು ಫೋನಿನಲ್ಲಿ ಓದತೊಡಗಿದ. ಕ್ಯಾಲೆಂಡರಿನ ಹಿಂಬದಿಯಲ್ಲಿ ಹಸಿರು ಪೆನ್ನಿನಿಂದ ಎನ್‌ವಿಡಿಯಾದ ಗೆರೆ, ಕೆಂಪಿನಿಂದ ಎಎಂಡಿಯ ಗೆರೆ ಎಳೆದ; ಅವುಗಳ ಪೆಟ್ಟಿಗೆಗಳ ಬಣ್ಣವೂ ಅದೇ. ಹಸಿರು ಗೆರೆ ದೇವಿಮನೆ ಘಟ್ಟದ ಹಾಗೆ ನೆಟ್ಟಗೆ ಏರಿತ್ತು. ಕೆಂಪೂ ಏರಿತ್ತು ನಿಜ, ಆದರೆ ಘಟ್ಟದ ಬುಡದ ದಿಬ್ಬದಂತೆ. ಹಸಿರೇ ಸರಿ ಎಂದು ಮಂಗಳವಾರ ತೀರ್ಮಾನಿಸಿದ. ಬುಧವಾರ ಬೆಳಿಗ್ಗೆ ಅದೇ ತೀರ್ಮಾನದ ಮೇಲೆ ಅನುಮಾನ ಬಂತು. ಊಟದ ನಡುವೆ ಎದ್ದು ಹೋಗಿ, ಮನೆಗೂ ತಂದಿದ್ದ ಕ್ಯಾಲೆಂಡರಿನ ಗೆರೆ ನೋಡಿ ಬಂದ.

"ಎಷ್ಟನೇ ರೊಟ್ಟಿ ಅಂತ ನೆನಪಿದ್ಯಾ?" ಎಂದಳು ಹೆಂಡತಿ ಶಮ್ಸುನ್ನಿಸಾ. "ನಿಕಾಹ್‌ಗೆ ಹುಡುಗಿ ನೋಡೋವಾಗ್ಲೂ ಇಷ್ಟು ಯೋಚ್ನೆ ಮಾಡಿರ್ಲಿಲ್ಲ ನೀವು."

"ಆಗ ಒಂದೇ ಕಂಪನಿ ಇತ್ತಲ್ಲ," ಎಂದು ಅವನು ಕೈ ತೊಳೆದ.

ಗುರುವಾರ ಅಪ್ಪ ಅಬ್ದುಲ್ ರಜಾಕ್ ಅಂಗಡಿಗೆ ಬಂದರು. ಮೂವತ್ತು ವರ್ಷ ಅಡಕೆ ಮಂಡಿಯಲ್ಲಿ ಖರೀದಿದಾರರ ಪರವಾಗಿ ಮಾಲು ಪರೀಕ್ಷಿಸಿದವರು. ಜೇಬಿನಲ್ಲಿ ಅಡಕತ್ತರಿ ಇನ್ನೂ ಇದೆ. ಚೀಲದ ಬಾಯಲ್ಲಿ ಕಂಡ ಅಡಕೆಯನ್ನು ಅವರೆಂದೂ ನಂಬಿದವರಲ್ಲ. ನಡುವಿನಿಂದ ಒಂದು ಮುಷ್ಟಿ ಎಳೆದು, ಕತ್ತರಿಸಿ, ಒಳಗು ಕಂಡಮೇಲೇ ದರ ಬರೆಯುತ್ತಿದ್ದರು. ಕ್ಯಾಲೆಂಡರಿನ ಗೆರೆಗಳನ್ನು ಅವರು ಬಹಳ ಹೊತ್ತು ನೋಡಿದರು.

"ಈ ಹಸಿರು ಗುಡ್ಡೆಯಲ್ಲಿ ನಿನ್ನಂಥ ಅಂಗಡಿಗೆ ಬರೋ ಮಾಲು ಎಷ್ಟು ಬೇಟಾ?"

ಸಮೀಉಲ್ಲಾ ವರದಿ ಮತ್ತೆ ತೆರೆದ. ಎನ್‌ವಿಡಿಯಾದ ಹತ್ತು ರೂಪಾಯಿ ವ್ಯಾಪಾರದಲ್ಲಿ ಹೆಚ್ಚುಕಡಿಮೆ ಒಂಬತ್ತು ಡೇಟಾ ಸೆಂಟರುಗಳದ್ದು, ಎಂದರೆ ಸಾವಿರಾರು ಯಂತ್ರ ಕೂಡಿಟ್ಟ ದೊಡ್ಡ ದೊಡ್ಡ ಕಟ್ಟಡಗಳದ್ದು. ಎಎಂಡಿಯ ಲೆಕ್ಕದಲ್ಲಿ ಪ್ರೊಸೆಸರೂ ಬೆರೆತಿತ್ತು, ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಯ ಚಿಪ್ಪೂ ಬೆರೆತಿತ್ತು.

"ಚಾಲಿ, ಬೆಟ್ಟೆ, ಗೋಟು ಎಲ್ಲ ತರದ ಅಡಕೆ ಒಟ್ಟಿಗೆ ಸುರಿದು ಯಾರ ಗುಡ್ಡೆ ದೊಡ್ಡದು ಅಂತ ನೋಡ್ತಾ ಕೂತಿದೀಯ," ಎಂದರು ರಜಾಕ್. "ನಿನಗೆ ಬೇಕಾದ್ದು ಚಾಲಿ. ಅದನ್ನ ಆರಿಸಿದ್ಯಾ?"

ಮಂಡಿಯವನ ಮಗನಾಗಿ ಹುಟ್ಟಿ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಸಮೀಉಲ್ಲಾನ ಕಿವಿ ಬಿಸಿಯಾಯಿತು.

ಈ ಕಡೆ ಮನೆಗಳಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೂಸಲು ಹಿಡಿಯುತ್ತದೆ. ವಾರಂಟಿಗೆ ಪೆಟ್ಟಿಗೆ ಬೇಕು. ಹಾಗಾಗಿ ಕಾರ್ಡು ಕೊಂಡವರು ಖಾಲಿ ಪೆಟ್ಟಿಗೆಗೆ ಹೆಸರು, ಊರು ಬರೆದು ಸಮೀಉಲ್ಲಾನ ಅಂಗಡಿಯ ಒಣ ಅಟ್ಟದಲ್ಲೇ ಬಿಟ್ಟು ಹೋಗುತ್ತಾರೆ. ಅವನು ಸ್ಟೂಲು ಹತ್ತಿ ಅಷ್ಟನ್ನೂ ಕೆಳಗಿಳಿಸಿದ. ಅಪ್ಪ ನೆಲದ ಮೇಲೆ ಕಾಲು ಮಡಚಿ ಕೂತು, ಬಣ್ಣ ನೋಡದೆ, ಕೊಂಡವರ ಕಸುಬು ಕೇಳಿ ಕೇಳಿ ಬೇರೆ ಮಾಡಿದರು. ಮದುವೆ ವಿಡಿಯೋ ಮಾಡುವವರ ಸಾಲಿನಲ್ಲಿ ಹಸಿರೇ ಹಸಿರು. ಆಟಕ್ಕೆಂದು ಒಯ್ದ ಸಿದ್ದಾಪುರ, ಬನವಾಸಿ ಕಡೆಯವರ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪು.

ಅಷ್ಟರಲ್ಲಿ ಹೆಗಡೆಕಟ್ಟಾದ ಉಲ್ಲಾಸ ಮೆಟ್ಟಿಲು ಹತ್ತಿ ಬಂದ. ಮದುವೆ, ಉಪನಯನಗಳ ವಿಡಿಯೋ ಮಾಡುವವನು.

"ಎಂತ ಮಾರಾಯ, ಅಂಗಡಿ ಖಾಲಿ ಮಾಡ್ತ್ಯನ?"

"ಇನ್ನು ಕೆಂಪು ಮಾತ್ರ ಇಟ್ರೆ ಏನ್ಮಾಡ್ತೀರಿ?" ಎಂದು ಸಮೀಉಲ್ಲಾ ಕೇಳಿದ.

"ಯನ್ನ ಕೆಲಸ ಅದ್ರಲ್ಲಿ ಸಾಗ್ತಿಲ್ಲೆ. ಕಾರ್ಡಿಗೆ ಹುಬ್ಬಳ್ಳಿಗೆ ಹೋಗ್ತೆ," ಎಂದ ಉಲ್ಲಾಸ, ನಗದೆ.

ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಸಮೀಉಲ್ಲಾ ಫೋನು ಮಾಡಿದ. "ಸುಭಾಷಣ್ಣ, ಎರಡೂ ಇಡೋದಾದ್ರೆ ಇಡ್ತೀನಿ. ಒಂದೇ ಅಂದ್ರೆ ನನಗೆ ಬೋರ್ಡು ಬೇಡ, ಮೊದಲಿನ ಹಾಗೆ ಬೇರೆ ಕಡೆಯಿಂದ ಬಿಡಿಯಾಗಿ ಎರಡನ್ನೂ ತರಿಸ್ತೀನಿ."

"ಹಂಗಾರ ಬೋರ್ಡು ಯಲ್ಲಾಪುರಕ್ಕ ಹೋಕ್ಕೈತಿ ನೋಡ್ರಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಮುಂದಿನ ತಿಂಗಳು ಯಲ್ಲಾಪುರದಲ್ಲಿ ಹಸಿರು ಬೋರ್ಡು ಏರಿತು. ನೋಡಲು ಹೋಗಬಾರದೆಂದುಕೊಂಡ ಸಮೀಉಲ್ಲಾ ಎರಡು ಸಲ ಹೋಗಿ ಬಂದ. ರಾತ್ರಿಯಾದರೆ ಲೈಟು ಬೇರೆ ಹತ್ತುತ್ತದೆಂದು ಯಾರೋ ಹೇಳಿದ್ದು ಕೇಳಿ ಇನ್ನೆರಡು ದಿನ ಚಡಪಡಿಸಿದ. ಮೂರನೇ ದಿನ ವಜ್ರಳ್ಳಿಯಿಂದ ಬಂದ ವಾಣಿಶ್ರೀ ಎಂಬವಳು ಬಾಗಿಲಲ್ಲಿ ನಿಂತು ಹೇಳಿದಳು: "ಯಲ್ಲಾಪುರದಲ್ಲಿ ಕೇಳ್ದೆ. ಕೆಂಪು ಕಂಪನಿ ಕಾರ್ಡು ಇಡೂ ಹಾಂಗಿಲ್ಲೆ ಹೇಳಿ ಅಂಗಡಿಯವ ಹೇಳಿದ. ನಿಮ್ಮಲ್ಲಿ ಇದ್ದಾ?"

ಸಮೀಉಲ್ಲಾನ ಕೈಯಲ್ಲಿ ತಿರುಗುತ್ತಿದ್ದ ಸ್ಕ್ರೂಡ್ರೈವರು ನಿಂತಿತು.

"ಎಂತಾ ಕೆಲ್ಸಕ್ಕೆ ಬೇಕು, ಅದು ಹೇಳಿ ಮೊದ್ಲು," ಎನ್ನುತ್ತ ಅವನು ಕೂತು ಕೇಳಲು ಸ್ಟೂಲನ್ನು ಎಳೆದುಕೊಂಡ.