ಹಿಂದೂಪುರದ ವೈರು, ಕಲ್ಯಾಣದುರ್ಗದ ಹೊಸ್ತಿಲು

ಇವತ್ತು ಬೆಳಿಗ್ಗೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ, ಪ್ಲಾಸ್ಟಿಕ್ ಬೆಂದ ವಾಸನೆ ಬಂತು. ಬಗ್ಗಿ ನೋಡಿದರೆ ನಮ್ಮ ಯಜಮಾನರು ಎಕ್ಸ್‌ಟೆನ್ಷನ್ ವೈರನ್ನು ಚಕ್ಕುಲಿ ಥರ ಬಿಗಿಯಾಗಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದಾರೆ. ಸುತ್ತಿಟ್ಟ ವೈರಿಗೆ ಜೋರು ಕರೆಂಟು ಬಿಟ್ಟರೆ ಅದು ಒಳಗೊಳಗೇ ಕುದಿಯುತ್ತದೆ. ಥೇಟ್ ನಮ್ಮಿಬ್ಬರ ಹಾಗೆ. ಮಾತು ಬಿಟ್ಟು ಇವತ್ತಿಗೆ ಎರಡು ದಿನ. ಕಾರಣ ಮಾತ್ರ ಕೇಳಬೇಡಿ, ನಗುತ್ತೀರಿ.

ಈ ವೈರಿನ ವಿದ್ಯೆ ನನಗೆ ಬಂದದ್ದು ನನ್ನ ಮದುವೆ ದಿನ, ಕಲ್ಯಾಣದುರ್ಗದ ಅಪ್ಪನ ಮನೆಯಲ್ಲಿ. ಗುರು, ಹಿಂದೂಪುರದ ದೊಡ್ಡಪ್ಪ. ಮಗ್ಗ ಬಿಟ್ಟ ಮೇಲೆ ಅವರು ಹಳೇ ವ್ಯಾನೊಂದರಲ್ಲಿ ಮಂಚ, ಫ್ಯಾನು, ಕರೆಂಟು ಒಲೆ ಕೂರಿಸಿ, ದೊಡ್ಡಮ್ಮನನ್ನೂ ಕೂರಿಸಿಕೊಂಡು, ಚಿಲಮತ್ತೂರು, ಕಂಬದೂರು ಅಂತ ಊರೂರಿಗೆ ಸೀರೆ ಮಾರುತ್ತಿದ್ದರು. ನಿಂತ ಕಡೆ ಯಾರದಾದರೂ ಮನೆಯಿಂದ ಕರೆಂಟು ಎಳೆದುಕೊಳ್ಳೋಕೆ ಇಪ್ಪತ್ತು ಮಾರು ಕರೀ ವೈರು. ಅದನ್ನೆಲ್ಲ ನೋಡಿದ ಅಪ್ಪ, "ಮನೇನ ಬೆನ್ನ ಮೇಲೆ ಹೊತ್ಕಂಡು ತಿರುಗೋದು ಬಸವನಹುಳ ಕಣಣ್ಣ" ಅಂದುಬಿಟ್ಟ. ಅಷ್ಟೇ. "ಇನ್ನು ನಿನ್ನ ಹೊಸ್ತಿಲು ತುಳಿದ್ರೆ ಕೇಳು" ಅಂತ ಹೋದ ದೊಡ್ಡಪ್ಪ ಮೂರು ವರ್ಷ ಬರಲಿಲ್ಲ.

ನನ್ನ ಮದುವೆಗೆ ಬಂದರು. ಆದರೆ ಬೀದಿ ತನಕ. ನನ್ನನ್ನು ಎತ್ತಾಡಿಸಿದ ಕೈ ತಲೆ ಮುಟ್ಟಿ ಹರಸದಿದ್ದರೆ ಅದೆಂಥ ಮದುವೆ ಅಂತ ನನಗೆ ಅಳುವೇ ಬಂತು.

ನಮ್ಮ ಮನೆಯ ನೀರೂ ಮುಟ್ಟಲ್ಲ ಅಂದವರು ವೈರಿನ ತುದಿಯನ್ನು ಮಾತ್ರ ಕಿಟಕಿಯಿಂದ ಒಳಗೆ ತೂರಿಸಿದರು. "ನನ್ನ ನೀರು ಬ್ಯಾಡ, ಕರೆಂಟು ಬೇಕಾ?" ಅಪ್ಪ ಕೇಳಿದ್ದು ದೊಡ್ಡಮ್ಮನ ಕಡೆ ತಿರುಗಿ. "ಕರೆಂಟು ಸರ್ಕಾರದ್ದು ಕಣೇ, ಅವನದೇನೈತೆ?" ದೊಡ್ಡಪ್ಪನ ಉತ್ತರವೂ ದೊಡ್ಡಮ್ಮನಿಗೇ.

ಮದುವೆ ಬೆಳಿಗ್ಗೆ ವ್ಯಾನಿನಲ್ಲಿ ಉಪ್ಪಿಟ್ಟು ಬೇಯುತ್ತಿದ್ದಾಗ ಇದೇ ವಾಸನೆ. ಬೇಕಾದದ್ದು ನಾಲ್ಕು ಮಾರು. ಉಳಿದ ವೈರನ್ನು ದೊಡ್ಡಪ್ಪ ರೇಷ್ಮೆ ಲಡಿಯ ಹಾಗೆ ಬಿಗಿಯಾಗಿ ಸುತ್ತಿ, ಧೂಳು ಕೂರದಿರಲಿ ಅಂತ ಟವಲು ಬೇರೆ ಹೊದಿಸಿದ್ದರು. ಶಾಮಿಯಾನದ ಲೈಟಿನವನು ಮುಟ್ಟಿ, ಕೈ ಕೊಡವಿ, ಪ್ಲಗ್ಗು ಕಿತ್ತ. "ಪೂರ್ತಿ ಬಿಚ್ಚಿ ಹಾಸಿ ಸಾಮೀ, ಇಲ್ದಿದ್ರೆ ವ್ಯಾನೂ ಇಲ್ಲ, ಮದ್ವೇನೂ ಇಲ್ಲ!"

ಹಾಸೋದೆಲ್ಲಿ? ಬೀದಿ ತುಂಬ ಬೈಕು, ಜನ. ನಮ್ಮ ನೇಕಾರರಲ್ಲಿ ಮಗ್ಗಕ್ಕೆ ಏರಿಸೋ ಉದ್ದದ ನೂಲು, ಅಂದರೆ ಹಾಸು, ಎಳೆದು ಕಟ್ಟಿದಾಗ ಯಾರೂ ಅದನ್ನು ದಾಟಬಾರದು. ದೊಡ್ಡಪ್ಪನಿಗೆ ವೈರೂ ಹಾಸೇ. ಅಷ್ಟು ಉದ್ದ, ನೆಟ್ಟಗೆ ಇದ್ದದ್ದು ನಮ್ಮ ಮನೆ ಒಂದೇ: ಬೀದಿ ಬಾಗಿಲಿಂದ ಹಿತ್ತಲ ಪ್ಲಗ್ಗಿನ ತನಕ.

ದೊಡ್ಡಪ್ಪ ತುದಿ ಹಿಡಿದು ಹೊಸ್ತಿಲ ಹತ್ತಿರ ನಿಂತರು. ಬೇರೆಯವರ ಕೈಗೆ ಕೊಡೋ ಜಾಯಮಾನವಲ್ಲ. ವ್ಯಾನಿನ ಕಡೆ ಯಾರೋ ಎಳೆದು ಬಿಗಿ ಮಾಡಿದರು, ನೋಡಿದರೆ ಅಪ್ಪ. ಹಾಸು ಎಳೆಯೋಕೆ ಎರಡಾಳು ಬೇಕೇ ಬೇಕು, ಈ ಇಬ್ಬರೂ ಚಿಕ್ಕಂದಿನಿಂದ ಜೊತೆಗೆ ಎಳೆದವರು. ದೊಡ್ಡಪ್ಪನ ಕಣ್ಣು ವೈರಿನ ಮೇಲೆ ನೆಟ್ಟಿತು, ಕಾಲು ತಾನಾಗೇ ಹಿಂದಕ್ಕೆ ಹೋಯಿತು.

"ಸಡಿಲ ಬಿಡಬ್ಯಾಡ ಕಣ್ಲಾ!"

"ಹಿಡಿದಿವ್ನಿ, ನೀನು ನಡಿಯಣ್ಣ!"

ಬೆನ್ನು ಮುಂದಾಗಿ ಹೊಸ್ತಿಲು ದಾಟಿ, ನಡುಮನೆ ದಾಟಿ, ಅಡಿಗೆಮನೆ ಬಾಗಿಲ ರಾಗಿ ಡಬ್ಬಕ್ಕೆ ಗುದ್ದಿಕೊಂಡಾಗಲೇ ಅವರಿಗೆ ಎಚ್ಚರ. "ನಾನು ಒಳಗೆ ಬಂದಿಲ್ಲ! ಮುಖ ಬೀದಿ ಕಡೇನೇ ಐತೆ!" ಅಂತ ಕೂಗಿದರು. ಅಬ್ಬಾ, ಯಾವ ಲಾಯರೂ ಹೀಗೆ ವಾದಿಸಲಾರ.

ಈಗ ನಡುಮನೆ ಎರಡು ಹೋಳು. ಬಾಸಿಂಗ ಕಟ್ಟಿಕೊಂಡ ನಾನು ಈ ಕಡೆ, ಹಸೆಮಣೆ ಆ ಕಡೆ. "ಹಾಸು ದಾಟಬ್ಯಾಡ ಕಣಮ್ಮ!" ದೊಡ್ಡಪ್ಪನ ಅಪ್ಪಣೆ. ಪುರೋಹಿತರು ಗಡಿಯಾರ ತೋರಿಸಿದರು. ಪಕ್ಕದ ಮನೆಯ ತೆಲುಗಿನ ಅಜ್ಜಿ, "ಇದೇಂ ಪೆಳ್ಳಿ ನಾಯನಾ, ಇಂಥ ಮದ್ವೆ ನಾ ಕಂಡಿಲ್ಲ" ಅಂತ ಹಣೆ ಚಚ್ಚಿಕೊಂಡರು.

"ಎತ್ತಣ್ಣಾ!" ಅಂದ, ವೈರು ಹಿಡಿದೇ ಹೊಸ್ತಿಲ ತನಕ ಬಂದಿದ್ದ ಅಪ್ಪ. ಇಬ್ಬರೂ ವೈರನ್ನು ತಲೆಗಿಂತ ಮೇಲೆತ್ತಿ ಹಿಡಿದರು. ನಾನು ಅಡಿಯಿಂದ ನುಸುಳಿ ದೊಡ್ಡಪ್ಪನ ಕಾಲಿಗೆ ಬಿದ್ದೆ. ಅವರ ಎರಡು ಕೈಯಲ್ಲೂ ವೈರು. ಒಂದು ಗಳಿಗೆ ವೈರು ನೋಡಿದರು, ಒಂದು ಗಳಿಗೆ ನನ್ನನ್ನು ನೋಡಿದರು. "ಹಾಳಾಗೋಗ್ಲಿ" ಅಂತ ಅದನ್ನು ನೆಲಕ್ಕೆ ಬಿಟ್ಟು ಎರಡೂ ಕೈ ನನ್ನ ತಲೆ ಮೇಲಿಟ್ಟರು. ಆಮೇಲೆ ಮದುವೆ ಜನವೆಲ್ಲ ಆ ವೈರನ್ನು ದಾಟಿದರು, ತುಳಿದರು. ವ್ಯಾನಿನ ಉಪ್ಪಿಟ್ಟು ಅರ್ಧ ಬೆಂದೇ ಉಳಿಯಿತು. ದೊಡ್ಡಪ್ಪ ಅಪ್ಪನ ಪಕ್ಕ ಕೂತು ಮೂರು ಒಬ್ಬಟ್ಟು ತಿಂದರು.

ಇವತ್ತು ನಾನೂ ಪ್ಲಗ್ಗು ಕಿತ್ತು, ವೈರನ್ನು ಮಂಚದ ಕೆಳಗಿಂದ ಎಳೆದೆ. ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದವರಿಗೆ, "ರೀ, ಈ ತುದಿ ಹಿಡ್ಕಂಡು ಹಿಂದಕ್ಕೆ ನಡೀರಿ" ಅಂದೆ. ಏನನ್ನಿಸಿತೋ, ಎದ್ದು ಹಿಡಿದರು, ನಡೆದರು.

"ಇಷ್ಟು ಸಾಕಾ?" ಎರಡು ದಿನದ ಮೇಲೆ ಅವರ ಮೊದಲ ಮಾತು.

"ಇನ್ನೂ ಹಿಂದೆ ಹೋಗಿ. ಅಲ್ಲಿ ಅಡಿಗೆಮನೆ ಐತೆ, ಹಾಗೇ ಇಬ್ಬರಿಗೂ ಕಾಫಿಗೆ ನೀರಿಡಿ."