ರೋಮನ್ನರ ಹಗೇವಿನೊಳಗೆ ಆಯಿ

ನೀವು ಇದನ್ನು ನಂಬುವುದಿಲ್ಲ. ನಂಬುವಂಥ ಸಂಗತಿಯಾಗಿದ್ದರೆ ನಾನು ಬರೆಯುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯ ನಾನು ಮತ್ತು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ, ರೋಮನ್ನರು ಎರಡು ಸಾವಿರ ವರ್ಷದ ಹಿಂದೆ ಕಟ್ಟಿದ ಗುಂಡಿಯೊಂದರಲ್ಲಿ ಇಳಿದು ಕುಳಿತು, ಶೇಂಗಾ ಚಟ್ನಿ ಹಚ್ಚಿಕೊಂಡು ಖಡಕ್ ರೊಟ್ಟಿ ತಿಂದಿದ್ದೇವೆ. ಸ್ಪೇನ್ ದೇಶದ ಸರ್ಕಾರ ಮೇಲೆ ನಿಂತು ನೋಡುತ್ತಿತ್ತು. ಸರ್ಕಾರ ಎಂದರೆ ಹಸಿರು ಟೊಪ್ಪಿಗೆಯ ಒಬ್ಬ ಕಾವಲುಗಾರ್ತಿ. ಆದರೂ ಸರ್ಕಾರವೇ.

ನಮ್ಮ ಅವ್ವ ಧಾರವಾಡದಲ್ಲಿ ಕಾಳಿಗೆ ಬೀಳುವ ನುಸಿಯ ಮೇಲೆ ಸಂಶೋಧನೆ ಮಾಡುತ್ತಾಳೆ. ಸ್ಪೇನಿನ ಸಣ್ಣದೊಂದು ಕರಾವಳಿ ಊರಿನಲ್ಲಿ ಜಗತ್ತಿನ ನುಸಿ ಪಂಡಿತರೆಲ್ಲ ಐದು ದಿನ ಸಭೆ ಸೇರುವವರಿದ್ದರು, ಅವ್ವನಿಗೂ ಕರೆ ಬಂತು. ನನಗೆ ರಜೆ ಇತ್ತು. ಆಯಿಗೆ ಹಟ ಇತ್ತು. ಹುಟ್ಟಿದಾಗಿನಿಂದ ಗೋಕರ್ಣದ್ದೊಂದು ಬಿಟ್ಟು ಬೇರೆ ಸಮುದ್ರ ನೋಡಿಲ್ಲ ಎಂದು ಎಂಟು ದಿನ ಊಟದ ಹೊತ್ತಿಗೆ ಸರಿಯಾಗಿ ನಿಟ್ಟುಸಿರು ಬಿಟ್ಟಳು. ಅಪ್ಪ ಕಾಳಿನ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಹೀಗೆ ನಾವು ಮೂವರು ಹೆಂಗಸರು ವಿಮಾನ ಹತ್ತಿದೆವು.

ಹೊರಡುವ ಮುಂಚೆ ನಾನೊಂದು ಘನಕಾರ್ಯ ಮಾಡಿಬಿಟ್ಟಿದ್ದೆ. ಇಡೀ ಕ್ಲಾಸಿನ ಮುಂದೆ ನಿಂತು, ರೋಮನ್ನರ ಹಾಳೂರಿನ ಒಳಗೆ ನಿಂತುಕೊಂಡು ಒಂದು ನಿಮಿಷದ ವಿಡಿಯೋ ಮಾಡಿ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಮ್ಮ ಮುಂದಿನ ಬೆಂಚಿನವಳೊಬ್ಬಳು ದುಬೈಗೆ ಹೋಗಿ ಒಂಟೆ ಹತ್ತಿ ಬಂದವಳು. ಎರಡು ವರ್ಷದಿಂದ ಆ ಒಂಟೆಯನ್ನು ನಮ್ಮ ತಲೆಯ ಮೇಲೆಯೇ ಓಡಿಸುತ್ತಿದ್ದಾಳೆ. ಅವಳು ನನ್ನ ಮಾತು ಕೇಳಿ ಪೆನ್ನಿನ ಮುಚ್ಚಳ ಹಾಕುತ್ತ, “ನೋಡೋಣಂತ” ಅಂದಳು. ಅಷ್ಟೇ. ಆ “ಅಂತ” ಎನ್ನುವುದು ನನ್ನ ಕಿವಿಗೆ ಹೊಕ್ಕ ಇರುವೆಯ ಹಾಗೆ ನಾಲ್ಕು ದಿನ ಓಡಾಡಿತು.

ನಾಲ್ಕು ದಿನ ನಾವು ಕಂಡದ್ದು ಲಾಡ್ಜಿನ ಖೋಲಿ ಮತ್ತು ಅದರ ಕಿಟಕಿ. ಕಿಟಕಿಯಿಂದ ಸಮುದ್ರದೊಳಕ್ಕೆ ಚಾಚಿದ ಒಂದು ಗುಡ್ಡದ ಮೂಗು ಕಾಣುತ್ತಿತ್ತು. ಅದರ ತುದಿಯಲ್ಲೇ ರೋಮನ್ನರ ಊರು. ದಂಡೆಗುಂಟ ಮೂರು ಕಿಲೋಮೀಟರ್ ಕಾಲುದಾರಿ. ಐದನೆಯ ದಿನ ಬೆಳಿಗ್ಗೆ ಅವ್ವ ಕೊರಳಿಗೆ ಸಭೆಯ ಹೆಸರಿನ ಬಿಲ್ಲೆ ತೂಗುಹಾಕಿಕೊಂಡು ಹೊರಟಳು. ಸಂಜೆ ಐದರ ತನಕ ಖೋಲಿ ಬಿಟ್ಟು ಕದಲಬಾರದು, ಆಯಿಯ ಮೊಣಕಾಲು ಮೊದಲೇ ನೋಯುತ್ತಿವೆ, ನಾಳೆ ಬೆಳಿಗ್ಗೆ ವಿಮಾನವಿದೆ ಎಂದೆಲ್ಲ ಹೇಳಿದಳು. ನನಗೆ ಕೇಳಿಸಿದ್ದು ಕೊನೆಯದು ಮಾತ್ರ. ನಾಳೆ ವಿಮಾನ. ಹಾಗಾದರೆ ಇವತ್ತೇ ಹೋಗಬೇಕು.

ಆಯಿಯನ್ನು ಬಿಟ್ಟು ಹೋಗುವಂತಿರಲಿಲ್ಲ, ಸುಮ್ಮನೆ ಕರೆದರೆ ಅವಳು ಬರುವವಳೂ ಅಲ್ಲ. ಆದರೆ ಆಯಿಯ ಕೀಲಿ ಎಲ್ಲಿದೆ ಎಂದು ನನಗೆ ಗೊತ್ತು. ಹಗೇವು ಎಂದರೆ ನೆಲದಲ್ಲಿ ತೋಡಿ ಜೋಳ ತುಂಬಿಡುವ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಆಯಿಯ ತವರಿನಲ್ಲಿ ದೊಡ್ಡದೊಂದು ಹಗೇವು ಇತ್ತು. ಅದನ್ನು ತೆರೆಯುವ ದಿನ ಮೊದಲು ಕಂದೀಲು ಇಳಿಬಿಡುತ್ತಿದ್ದರು, ದೀಪ ಆರದಿದ್ದರೆ ಒಳಗೆ ಗಾಳಿ ಚೆನ್ನಾಗಿದೆ ಎಂದರ್ಥ. ಆಮೇಲೆ ಮನೆಯಲ್ಲೇ ಸಣಕಲಿಯಾದ ಆಯಿಯನ್ನು ಇಳಿಸುತ್ತಿದ್ದರು. ಇದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಹೋಗಲಿ, ಇನ್ನೂರು ಸಲ.

“ಆಯಿ, ಆ ಗುಡ್ಡದ ತುದಿಗೆ ರೋಮನ್ ಮಂದಿ ಹಗೇವು ಅದಾವಂತ” ಅಂದೆ.

ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. “ಯಾರು ಹೇಳಿದ್ರು?”

“ಅವ್ವನ ಪುಸ್ತಕದಾಗ ಐತಿ.”

“ಜ್ವಾಳ ಇಡ್ತಿದ್ರೇನು?”

“ಮತ್ತ? ಊರಿಗೆ ಊರ ಉಣ್ಣುವಷ್ಟು.”

ಆಯಿ ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದಳು. “ಆ ಬೂಟು ಇತ್ತಾಗ ಕೊಡು. ರೊಟ್ಟಿ ಗಂಟು ತಗೋ.”

ಅವ್ವನ ಪುಸ್ತಕದಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲಿದ್ದದ್ದು ನುಸಿ ಮಾತ್ರ, ಮುನ್ನೂರು ಪುಟ.

ದಾರಿಯ ಬಾಯಲ್ಲಿ ಒಂದು ಗೇಟು, ಗೇಟಿಗೊಂದು ಫಲಕ. ಅದು ರಕ್ಷಿತ ದಂಡೆ. ಬೆಂಕಿ ಹಚ್ಚಬಾರದು, ಹೂ ಕೀಳಬಾರದು, ಕಲ್ಲು ಒಯ್ಯಬಾರದು, ನಾಯಿ ತರಬಾರದು, ಹಗ್ಗ ದಾಟಬಾರದು ಎಂದು ಚಿತ್ರ ಬರೆದು ಎಲ್ಲಕ್ಕೂ ಕೆಂಪು ಗೀಟು ಹಾಕಿದ್ದರು. ಆಯಿ ಒಂದೊಂದೇ ಚಿತ್ರವನ್ನು ಬೆರಳಿಟ್ಟು ಪರೀಕ್ಷಿಸಿ, “ಮುದುಕಿ ಚಿತ್ರ ಇಲ್ಲ, ನಡಿ” ಅಂದಳು.

ನಡೆದೆವು. ಒಂದು ಕಡೆ ಪೈನ್ ಮರ ಮತ್ತು ಸುಣ್ಣದ ಕಲ್ಲಿನ ದಿಬ್ಬ, ಇನ್ನೊಂದು ಕಡೆ ನೀಲಿ. ಎಂಥ ನೀಲಿ ಎಂದರೆ ಬಟ್ಟೆಗೆ ಹಾಕುವ ನೀಲಿಯ ಗೋದಾಮು ಯಾರೋ ಸಮುದ್ರಕ್ಕೆ ಸುರಿದಂತೆ. ಬಂಡೆಯ ಮೇಲೆ ಹಲ್ಲಿಗಳು ಬಿಸಿಲಿಗೆ ಮೈ ಕಾಯಿಸುತ್ತಿದ್ದವು. ಪಾಪಸ್ಕಳ್ಳಿಯನ್ನು ಕಂಡು ಆಯಿಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು, ನಮ್ಮ ಕಡೆ ಬದುವಿಗೆ ಹಚ್ಚಿದ್ದನ್ನು ಇವರು ಕಾವಲು ಹಾಕಿ ಸಾಕುತ್ತಾರಲ್ಲ ಎಂದು ನಕ್ಕಳು. ಘಮಗುಡುವ ಒಂದು ಗಿಡವನ್ನು ಕಷಾಯಕ್ಕೆಂದು ಕೀಳಲು ಹೋದವಳ ಕೈಯನ್ನು ನಾನು ಗಾಳಿಯಲ್ಲೇ ಹಿಡಿದೆ. ಎದುರಿಗೆ ಬಂದವರೆಲ್ಲ ಅವಳ ಇಳಕಲ್ ಸೀರೆ, ಅದರ ಕೆಳಗಿನ ಬಿಳಿ ಬೂಟು ನೋಡಿ ಫೋಟೋ ಕೇಳಿದರು. ಹನ್ನೊಂದು ಜನ. ಆಯಿ ಹನ್ನೊಂದು ಸಲವೂ ಹಣೆಯ ವಿಭೂತಿ ಸರಿಪಡಿಸಿಕೊಂಡಳು.

ಒಂದು ಕಿಲೋಮೀಟರಿಗೆ ಅವಳ ಮೊಣಕಾಲು ಮಾತಾಡಲು ಶುರುಮಾಡಿದವು. ಎರಡಕ್ಕೆ ಕೂಗಿದವು. ನಾನು ಗಡಿಯಾರ ನೋಡಿದೆ. ಒಂದೂವರೆ. ತಿರುಗಿ ಹೋಗುವುದಕ್ಕೆ ಎರಡು ತಾಸು ಹಿಡಿದರೂ ತಡವಾಗಿರಲಿಲ್ಲ. ಆಯಿಯ ಒಂದು ಕೈ ನನ್ನ ಹೆಗಲ ಮೇಲೆ, ನನ್ನ ಒಂದು ಕೈ ಅವಳ ಸೊಂಟದ ಸುತ್ತ, ನಾವಿಬ್ಬರೂ ಮೂರು ಕಾಲಿನ ಓಟದವರ ಹಾಗೆ ಹೆಜ್ಜೆ ಎಣಿಸುತ್ತ ಸಾಗಿದೆವು. ನೂರು ಹೆಜ್ಜೆ, ನಿಲ್ಲು, ನೀರು. ನೂರು ಹೆಜ್ಜೆ, ನಿಲ್ಲು, ನೀರು. ಬೆವರು ಸಮುದ್ರಕ್ಕೆ ಹರಿದು ಅದರ ಮಟ್ಟ ಬೆರಳಗಲ ಏರಿತು. ತಿರುಗಿ ಹೋಗೋಣವೇ ಎಂದು ನಾನು ಒಂದೇ ಒಂದು ಸಲ ಕೇಳಿದೆ, ಅದೂ ಬಾಯಿ ತಪ್ಪಿ. ಆಯಿ ಎಣಿಕೆ ಮುಂದುವರಿಸಿದಳು.

ತುದಿ ಮುಟ್ಟಿದೆವು. ರೋಮನ್ನರ ಊರು ಎಂದರೆ ಕಂಬಗಳು ಮುಗಿಲು ಮುಟ್ಟಿರುತ್ತವೆ ಎಂದು ನಾನು ಕ್ಲಾಸಿಗೆ ಹೇಳಿದ್ದೆ. ಇಲ್ಲಿನ ಕಂಬಗಳು ನನ್ನ ಮೊಣಕಾಲು ಮುಟ್ಟುತ್ತಿದ್ದವು. ಉಳಿದದ್ದು ಗೋಡೆಯ ಬುಡಗಳು, ಚಪ್ಪಡಿ ಹಾಸಿದ ಒಂದು ಓಣಿ, ಸುತ್ತ ಹಗ್ಗ. ಎದೆ ಒಡೆದುಹೋಯಿತು. ಆಗ ಓಣಿಯ ಕೊನೆಯಿಂದ ಆಯಿ ಕರೆದಳು. ಸಮುದ್ರದ ಬದಿಗೆ ನೆಲದಲ್ಲಿ ಐದು ದುಂಡನೆಯ ಗುಂಡಿಗಳು. ಆಳು ಉದ್ದ, ಒಳಗೆಲ್ಲ ನುಣ್ಣನೆಯ ಗಿಲಾವು. ಒಂದರ ಗೋಡೆ ಒಂದು ಕಡೆ ಕುಸಿದು ಮೆಟ್ಟಿಲಿನಂತಾಗಿತ್ತು.

“ಬಾಯಿ ಒಡದಾವ, ಹೊಟ್ಟಿ ಅಷ್ಟ ಉಳದಾವ” ಎಂದಳು ಆಯಿ. ದನಿ ಸಣ್ಣಗಾಗಿತ್ತು. “ಹಗೇವ ಇದು. ಏನು ಮಾತಾಡ್ತಿ.”

ನಾನು ಹೇಳಿದ ಸುಳ್ಳು ನನಗಿಂತ ಮುಂಚೆ ಬಂದು ಅಲ್ಲಿ ಗುಂಡಿ ತೋಡಿ ಕುಳಿತಿತ್ತು. ಅಷ್ಟರಲ್ಲಿ ಆಯಿ ಬೂಟು ಕಳಚಿ, ಸೆರಗು ಸಿಗಿಸಿ, ಹಗ್ಗದ ಕೆಳಗೆ ನುಸುಳಿ, ಕುಸಿದ ಗೋಡೆ ಹಿಡಿದು ಇಳಿದೇಬಿಟ್ಟಳು. ಎರಡು ಕಿಲೋಮೀಟರಿಗೆ ಕೂಗಿದ ಮೊಣಕಾಲು ಈಗ ಎಲ್ಲಿ ಹೋಗಿದ್ದವೋ. ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಳು. ಅನ್ನ ಇಟ್ಟ ಜಾಗ, ಕಾಲು ಸೋಕಿತು, ತಪ್ಪಾಯಿತು ಎಂದು ಗೊಣಗಿದಳು. ಗೋಡೆಯ ಮೇಲೆ ಅಂಗೈ ಆಡಿಸಿ, ಇದರೊಳಗೆ ಒಂದು ಇರುವೆಯೂ ಹೋಗುವುದಿಲ್ಲ, ನಿಮ್ಮ ಅವ್ವ ಇದನ್ನು ಬಂದು ನೋಡಬೇಕು ಅಂದಳು. ಆಮೇಲೆ ಗಂಟು ಬಿಚ್ಚಿ ಕುಳಿತಳು.

ಮೇಲೆ ಹಗ್ಗದ ಬದಿಗೆ ಸಣ್ಣದೊಂದು ಫಲಕವಿತ್ತು. ವಿಡಿಯೋದಲ್ಲಿ ಹೇಳಲು ನಾಲ್ಕು ಮಾತು ಸಿಗಲಿ ಎಂದು ಅದರ ಇಂಗ್ಲಿಷ್ ಸಾಲು ಓದಿದೆ. ಮೀನಿನ ಕರುಳು, ತಲೆ, ರಕ್ತಕ್ಕೆ ಉಪ್ಪು ಬೆರೆಸಿ, ತಿಂಗಳುಗಟ್ಟಲೆ ಬಿಸಿಲಿಗೆ ಕೊಳೆಸಿ, ರಸ ಇಳಿಸುತ್ತಿದ್ದ ತೊಟ್ಟಿಗಳು ಎಂದಿತ್ತು. ಎರಡನೆಯ ಸಲ ಓದಿದೆ. ಮೀನೇ.

ಹಳೇ ಹುಬ್ಬಳ್ಳಿಯಲ್ಲಿ ಮೀನು ಮಾರುವ ಓಣಿ ಬಂದರೆ ಆಟೋದಲ್ಲಿದ್ದರೂ ಮೂಗಿಗೆ ಸೆರಗು ಹಿಡಿಯುವವಳು ನಮ್ಮ ಆಯಿ. ಹೇಳಿದರೆ ಅಲ್ಲಿಂದಲೇ ಸಮುದ್ರಕ್ಕೆ ಇಳಿದು ಸ್ನಾನ ಮಾಡುತ್ತಾಳೆ, ವಿಡಿಯೋ ಮುಗಿದಂತೆಯೇ. ಒಂದು ನಿಮಿಷ. ನನಗೆ ಬೇಕಾದದ್ದು ಅಷ್ಟು. ಅದು ಆದ ಮೇಲೆ ಹೇಳುತ್ತೇನೆ ಎಂದು ನಿರ್ಧರಿಸಿ ನಾನೂ ಇಳಿದೆ.

ಮೊದಲ ಸಲ ಗಾಳಿ ನನ್ನ ಮಾತನ್ನೆಲ್ಲ ತಿಂದಿತು. ಎರಡನೆಯ ಸಲ ರೋಮನ್ ಸಾಮ್ರಾಜ್ಯ ಎನ್ನುವಷ್ಟರಲ್ಲಿ ಹಿಂದಿನಿಂದ ಆಯಿ, ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಅಂದಳು. ಮೂರನೆಯದಕ್ಕೆ ಸಜ್ಜಾಗುವಾಗ ಹಸಿರು ಟೊಪ್ಪಿಗೆ ಕಾಣಿಸಿತು.

ಕಾವಲುಗಾರ್ತಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಕೈಯಿಂದ ಮೇಲೆ ಬರಲು ತೋರಿಸಿದಳು. ಆಯಿ ಅವಳಿಗೆ ಕನ್ನಡದಲ್ಲಿ ಹಗೇವು ಕಟ್ಟುವ ಕ್ರಮವನ್ನು ವಿವರಿಸಿ, ಊಟದ ಹೊತ್ತಿಗೆ ಬಂದವರು ನಿಲ್ಲಬಾರದು ಎಂದು ಒಂದು ರೊಟ್ಟಿ ಮೇಲಕ್ಕೆ ಚಾಚಿದಳು. ಅವಳು ರೊಟ್ಟಿಯನ್ನು ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿ, ಇದೂ ಇಲ್ಲಿಂದಲೇ ಅಗೆದದ್ದೇನೋ ಎಂಬಂತೆ ಜೋಪಾನವಾಗಿ ಹಿಡಿದುಕೊಂಡಳು. ಆಮೇಲೆ ಗುಂಡಿಯನ್ನು ತೋರಿಸಿ, ಮೂಗು ಮುಚ್ಚಿ, ಇನ್ನೊಂದು ಕೈಯನ್ನು ಬಳುಕಿಸುತ್ತ ಗಾಳಿಯಲ್ಲಿ ಈಜಿಸಿದಳು. ನಾನು ಆಯಿಯ ಮುಖ ನೋಡಿದೆ.

ಆಯಿ ಅದನ್ನು ಗಮನವಿಟ್ಟು ನೋಡಿದಳು. “ಹಾವು ಅದಾವ ಅಂತಾಳ” ಎಂದಳು ನನಗೆ. “ಹಗೇವು ಅಂದಮ್ಯಾಲ ಇರೂವ. ನಾವು ಅಂಜೂದಿಲ್ಲ ಅಂತ ಹೇಳು ಆಕಿಗೆ.”

ಕಾವಲುಗಾರ್ತಿ ಸೋತು, ವೈರ್‌ಲೆಸ್ಸಿನಲ್ಲಿ ಯಾರನ್ನೋ ಕರೆಯುತ್ತ ಆಚೆ ಹೋದಳು. ಇದೇ ಹೊತ್ತು. ಫೋನು ಎತ್ತಿ ಹಿಡಿದೆ. ಗಾಳಿ ನಿಂತಿತ್ತು. ಆಯಿಯ ಬಾಯಿ ತುಂಬಿತ್ತು. ಮಾತು ಎಣ್ಣೆ ಹಚ್ಚಿದ ಹಾಗೆ ಜಾರತೊಡಗಿತು. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ಇಷ್ಟು ಚೆನ್ನಾಗಿ ನಾನು ಜೀವಮಾನದಲ್ಲಿ ಮಾತಾಡಿಲ್ಲ. ನಲವತ್ತಕ್ಕೆ ಬಂದಾಗ ಪರದೆಯಲ್ಲಿ ನನ್ನ ತಲೆಯ ಹಿಂದೆ, ಗುಂಡಿಯ ಅಂಚಿನ ಮೇಲೆ, ಹುಲ್ಲಿನ ಟೊಪ್ಪಿಗೆಗಳು ಸಾಲಾಗಿ ಮೂಡಿದವು. ಎಲ್ಲರ ಕೊರಳಲ್ಲೂ ಬಿಲ್ಲೆ. ಕೊನೆಯ ದಿನ ನುಸಿ ಪಂಡಿತರಿಗೆ ಈ ಹಾಳೂರು ತೋರಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಎಲ್ಲರಿಗಿಂತ ಮುಂದೆ ಅವ್ವ ನಿಂತಿದ್ದಳು.

ಸೊಸೆಯನ್ನು ಕಂಡು ಆಯಿಯ ಮುಖ ಅರಳಿತು. “ಬಾ, ಬಾ. ನಿನ್ನ ನುಸಿ ಇದರಾಗ ಹ್ಯಾಂಗ ಹೊಗತಾವ ನೋಡೂಣು.”

ಅವ್ವ ಫಲಕದ ಕಡೆ ನೋಡಿದಳು. ಆಯಿಯ ಕೈಯಲ್ಲಿನ ರೊಟ್ಟಿಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

“ಅತ್ತೀ, ಮ್ಯಾಲ ಬರ್ರಿ” ಎಂದಳು, ಬಹಳ ಮೆಲ್ಲಗೆ. “ಅದು ಹಗೇವಲ್ರಿ. ಮೀನು ಕೊಳಸೂ ತೊಟ್ಟಿರಿ ಅದು.”

ಆಯಿಯ ದವಡೆ ನಿಂತಿತು. ಅವಳು ರೊಟ್ಟಿ ನೋಡಲಿಲ್ಲ, ಗೋಡೆ ನೋಡಲಿಲ್ಲ, ನೇರ ನನ್ನ ಕಡೆ ತಿರುಗಿದಳು. “ನಿನಗ ಗೊತ್ತಿತ್ತೇನ?”

ಐವತ್ತೆರಡು ಸೆಕೆಂಡಾಗಿತ್ತು. ಇನ್ನು ಎಂಟು ಬೇಕಿತ್ತು. ಅವ್ವ ಹಗ್ಗದ ಕೆಳಗಿನಿಂದ ಕೈ ಚಾಚಿ, “ಫೋನ್ ಕೊಡು” ಅಂದಳು.

ಕೊಟ್ಟೆ.